ನೀರಿಗಿಂತ ಒಂದು ಹೆಜ್ಜೆ ಮುಂದೆ

ಒಣಗಿದ ಕಾಲುವೆಗೆ ಮೊದಲ ನೀರು ನುಗ್ಗಿದಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ ಎಂದು ಎಲ್ಲರೂ ಹೊಗಳುತ್ತಾರಲ್ಲ, ಅದಲ್ಲ. ಇದರಲ್ಲಿ ಒಣ ಪಾಚಿ, ಬಸವನಹುಳುವಿನ ಖಾಲಿ ಚಿಪ್ಪು, ಬಿಸಿಲಿಗೆ ಬೆಂದ ಹೊಂಗೆ ಎಲೆ, ದಾಟಿಹೋದ ದನಗಳ ಸಗಣಿ ಎಲ್ಲ ಸೇರಿರುತ್ತವೆ. ಪರಿಮಳ ಎಂದು ಕರೆಯಲು ನನಗೇ ಧೈರ್ಯವಿಲ್ಲ. ಆದರೆ ಕಳೆದ ಫೆಬ್ರುವರಿಯಲ್ಲಿ ಅಂಬ್ಲಿಗೊಳದ ಹತ್ತಿರ ಯಾರದೋ ಮನೆ ಹುಡುಕಿಕೊಂಡು ಹೋಗುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿದು, ನಾನು ಸ್ಕೂಟಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. ಪಕ್ಕದ ಕಾಲುವೆಯಲ್ಲಿ ನೀರು ಆಗತಾನೇ ಬರುತ್ತಿತ್ತು. ನೋಡುತ್ತ ನಿಂತವಳಿಗೆ, ಹೋಗಬೇಕಾದ ಮನೆಗೆ ಅರ್ಧ ಗಂಟೆ ತಡವಾಯಿತು.

ನಾಲ್ಕು ವರ್ಷದ ಹಿಂದಿನ ಬೇಸಿಗೆ. ಫಿಸಿಯೋಥೆರಪಿ ಓದಿ ಮುಗಿಸಿ ಸೊರಬದ ಚಿಕ್ಕಮ್ಮನ ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿದ್ದ ನನಗೆ, ದೊಡ್ಡ ಊರಿನ ಆಸ್ಪತ್ರೆಯವರು ನಡೆಸುತ್ತಿದ್ದ ಒಂದು ಅಧ್ಯಯನದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ, ಸ್ನಾಯುಗಳು ಒಂದೊಂದಾಗಿ ಸವೆಯುತ್ತ ಹೋಗುವ ಕಾಯಿಲೆಯ ಮಕ್ಕಳು ದಿನನಿತ್ಯ ಹೇಗೆ ನಡೆಯುತ್ತಾರೆ ಎಂದು ಅಳೆಯುವುದು ಕೆಲಸ. ಆಸ್ಪತ್ರೆಯಲ್ಲಿ ಅಳೆಯುವ ಕ್ರಮ ಮೊದಲಿಂದಲೂ ಇದೆ. ಉದ್ದನೆಯ ವರಾಂಡದಲ್ಲಿ ಆರು ನಿಮಿಷ ನಡೆಸಿ ನೋಡುತ್ತಾರೆ. ಆದರೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಮಗು ಬಿಳಿ ಕೋಟು ನೋಡಿ ಹೆದರಿದರೆ ನಡೆಯುವುದೇ ಇಲ್ಲ, ಚಾಕೊಲೇಟು ತೋರಿಸಿದರೆ ಇಲ್ಲದ ಶಕ್ತಿ ತಂದುಕೊಂಡು ಓಡುತ್ತದೆ. ಹಾಗಾಗಿ ಎರಡೂ ಕಾಲಿನ ಹರಡಿಗೆ ಕೈಗಡಿಯಾರದಂಥ ಒಂದೊಂದು ಪಟ್ಟಿ ಕಟ್ಟಿ, ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಅವರು ಇಡುವ ಒಂದೊಂದು ಹೆಜ್ಜೆಯ ಉದ್ದ, ವೇಗ ಎಲ್ಲವನ್ನೂ ದಾಖಲಿಸುವುದು. ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕಳಿಸಬೇಕು.

ನನ್ನ ಪಾಲಿಗೆ ಬಂದ ಮಕ್ಕಳು ಆರು. ಸೊರಬದಲ್ಲಿ ಇಬ್ಬರು, ಬಳ್ಳಿಗಾವಿಯಲ್ಲಿ ಒಬ್ಬ, ಉಳಿದವರು ಶಿಕಾರಿಪುರದ ಸುತ್ತಮುತ್ತ. ಆಗ ನನಗೆ ಅಳತೆಯ ಮೇಲೆ ವಿಪರೀತ ನಂಬಿಕೆ. ತಾಯಂದಿರು ಇವತ್ತು ಸ್ವಲ್ಪ ಚುರುಕಾಗಿದ್ದಾನೆ, ನಿನ್ನೆ ಮಂಕಾಗಿದ್ದ ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ, ಬರೆದುಕೊಳ್ಳುತ್ತಿರಲಿಲ್ಲ. ಪಟ್ಟಿ ಹೇಳಿದ್ದಷ್ಟೇ ನಿಜ. ಶಿರಾಳಕೊಪ್ಪದಲ್ಲಿ ಚಹಾ ಕುಡಿಯುತ್ತ ಕೂತಾಗಲೂ ರಸ್ತೆಯಲ್ಲಿ ಹೋಗುವವರ ಹೆಜ್ಜೆಯ ಉದ್ದವನ್ನು ಕಣ್ಣಳತೆಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ ಅದು.

ಆರರಲ್ಲಿ ಒಬ್ಬ ಮನೋಜ. ಅಂಜನಾಪುರದ ಜಲಾಶಯದಿಂದ ಬರುವ ಕಾಲುವೆಯ ಪಕ್ಕದಲ್ಲೇ ಮನೆ. ಒಂಬತ್ತು ವರ್ಷ. ಹಿಮ್ಮಡಿ ನೆಲಕ್ಕೆ ತಾಗದಂತೆ ತುದಿಗಾಲಿನಲ್ಲಿ, ಹೊಟ್ಟೆ ಮುಂದೆ ಚಾಚಿ, ಎಡಕ್ಕೆ ಬಲಕ್ಕೆ ವಾಲುತ್ತ ನಡೆಯುತ್ತಿದ್ದ. ನೆಲದಿಂದ ಏಳಬೇಕಾದರೆ ಮೊದಲು ಮಂಡಿಯ ಮೇಲೆ ಕೈ, ಆಮೇಲೆ ತೊಡೆಯ ಮೇಲೆ ಕೈ, ಹೀಗೆ ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುತ್ತಿದ್ದ. ನಿಂತ ಮೇಲೆ ಮಾತ್ರ ಏನೂ ಆಗಿಲ್ಲವೆಂಬಂತೆ ನಮ್ಮನ್ನು ನೋಡುತ್ತಿದ್ದ. ಅವನ ಅಪ್ಪ ರುದ್ರಪ್ಪ ಆ ಕಾಲುವೆಯ ನೀರಗಂಟಿ. ಗೇಟು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವ ಕೆಲಸ. ಅವರ ಅಪ್ಪನೂ ಅದೇ ಮಾಡಿದ್ದರಂತೆ. ಅಮ್ಮ ಶೋಭಾ ಕಡಿಮೆ ಮಾತಿನ ಹೆಣ್ಣುಮಗಳು, ಮಾತಾಡುವ ಮೊದಲು ಗಂಡನ ಮುಖ ನೋಡುತ್ತಿದ್ದಳು.

ಮೊದಲ ಭೇಟಿಯಲ್ಲಿ ಕಾಯಿಲೆಯ ಬಗ್ಗೆ ನಾನು ಹೇಳಿದ್ದನ್ನೆಲ್ಲ ರುದ್ರಪ್ಪ ಕೈಕಟ್ಟಿಕೊಂಡು ಕೇಳಿದರು. ಇವತ್ತಲ್ಲ ನಾಳೆ ನಡೆಯುವುದು ನಿಲ್ಲುತ್ತದೆ ಎಂಬುದನ್ನು ಆಸ್ಪತ್ರೆಯವರು ಅವರಿಗೆ ಮೊದಲೇ ಹೇಳಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇವನ ಕಾಲಲ್ಲಿ ಇನ್ನೂ ಎಷ್ಟು ಉಳಿದೈತೆ ಮೇಡಂ?"

ಅದನ್ನು ಯಾರೂ ಹೇಳಲಾಗುವುದಿಲ್ಲ, ದಿನಕ್ಕೆ ಎಷ್ಟು ನಡೆಯುತ್ತಾನೆ ಎಂದಷ್ಟೇ ಈ ಪಟ್ಟಿ ಹೇಳುತ್ತದೆ ಅಂದೆ. ಹಾಗಾದರೆ ಅದನ್ನೇ ತೋರಿಸಿ ಅಂದರು. ಮನೆಯವರಿಗೆ ತೋರಿಸಬಾರದೆಂದು ನಿಯಮವಿತ್ತು. ಆದರೆ ಬೇರೆ ಯಾರೂ ನನ್ನ ಯಂತ್ರದಲ್ಲಿ ಅಷ್ಟು ಆಸಕ್ತಿ ತೋರಿಸಿರಲಿಲ್ಲ, ನನಗೂ ಜಂಬ. ಎರಡನೆಯ ಸಲ ಹೋದಾಗ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಒಂದೊಂದು ದಿನಕ್ಕೆ ಒಂದೊಂದು ಕಂಬದಂತೆ ನಿಂತಿದ್ದ ಹೆಜ್ಜೆಗಳ ನಕ್ಷೆಯನ್ನು ಬಿಡಿಸಿ ವಿವರಿಸಿದೆ. ರುದ್ರಪ್ಪ ಕಣ್ಣು ಕಿರಿದು ಮಾಡಿ, ಜಲಾಶಯದ ಅಳತೆಪಟ್ಟಿ ಓದುವವರ ಹಾಗೆ, ಬಹಳ ಹೊತ್ತು ನೋಡಿದರು. ಅವರಿಗೆ ಚೆನ್ನಾಗಿ ಅರ್ಥವಾಯಿತು ಎಂದು ಖುಷಿಯಿಂದ ಸೊರಬಕ್ಕೆ ವಾಪಸಾದೆ.

ಅಲ್ಲಿಂದ ಮುಂದೆ ಮನೋಜನ ಕಂಬಗಳು ಕುಸಿಯತೊಡಗಿದವು. ಫೆಬ್ರುವರಿಯ ಕೊನೆಗೆ ಮುಕ್ಕಾಲಾಯಿತು, ಮಾರ್ಚ್ ಮಧ್ಯಕ್ಕೆ ಅರ್ಧಕ್ಕೆ ಬಂತು. ಉಳಿದ ಐದು ಮಕ್ಕಳಲ್ಲಿ ಯಾರಿಗೂ ಹಾಗಾಗಿರಲಿಲ್ಲ. ಅಧ್ಯಯನ ನಡೆಸುತ್ತಿದ್ದ ನಮ್ಮ ಲೇಡಿ ಡಾಕ್ಟರು ಫೋನಿನಲ್ಲಿ, ಈ ವೇಗದಲ್ಲಿ ಇಳಿದರೆ ವರ್ಷದೊಳಗೆ ಕಾಲು ನಿಲ್ಲಬಹುದು, ಗಾಲಿಕುರ್ಚಿಯ ಬಗ್ಗೆ ಮನೆಯವರ ಹತ್ತಿರ ಮಾತು ತೆಗೆ ಅಂದರು. ಹೇಗೆ ತೆಗೆಯುವುದು ಎಂದು ತಿಳಿಯದೆ ಎರಡು ದಿನ ಊಟ ಸೇರಲಿಲ್ಲ. ಹುಡುಗನ ಕಾಲು ನನ್ನ ಕಣ್ಣೆದುರೇ ಹೋಗುತ್ತಿದೆ, ನಾನು ಕೂತು ಹೋಗುವುದನ್ನು ಅಳೆಯುತ್ತಿದ್ದೇನೆ ಅನಿಸಿತು.

ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ಎಷ್ಟು ನಡೆದ ಎಂಬುದರ ಜೊತೆಗೆ, ಅವನು ಇಟ್ಟ ಅತಿ ವೇಗದ ಹೆಜ್ಜೆಗಳು ಯಾವುವು ಎಂಬುದನ್ನೂ ಪಟ್ಟಿ ಹೇಳುತ್ತದೆ. ಸ್ನಾಯುವಿಗೆ ಇನ್ನೂ ಏನು ಸಾಧ್ಯ ಎಂದು ತಿಳಿಯುವುದು ಅದರಿಂದಲೇ. ಕಾಲು ಸೋಲುತ್ತಿದ್ದರೆ ಆ ವೇಗವೂ ಇಳಿಯಬೇಕು. ಮನೋಜನದು ಇಳಿದಿರಲಿಲ್ಲ. ಪೇಲವವಾದ ದಿನಗಳ ನಡುವೆ ಇದ್ದಕ್ಕಿದ್ದಂತೆ ಒಂದು ದಿನ, ಸಂಜೆ ನಾಲ್ಕರ ಸುಮಾರಿಗೆ, ಕೆಲವೇ ನಿಮಿಷ, ಆಸ್ಪತ್ರೆಯ ವರಾಂಡದಲ್ಲಿ ಅವನು ಯಾವತ್ತೂ ಇಡದ ಉದ್ದನೆಯ ಚುರುಕು ಹೆಜ್ಜೆಗಳು. ಆಮೇಲೆ ಮತ್ತೆ ಮಂಕು. ಮೊದಲು ವಾರದ ಯಾವ ದಿನ ಎಂದು ಹುಡುಕಿದೆ. ಒಂದು ಸಲ ಸೋಮವಾರ, ಮುಂದಿನ ಸಲ ಮಂಗಳವಾರ, ಅದರ ಮುಂದಿನದು ಬುಧವಾರ. ಎಣಿಸಿದರೆ ಸರಿಯಾಗಿ ಎಂಟು ದಿನಕ್ಕೊಮ್ಮೆ.

ಶಾಲೆ, ಸಂತೆ, ಸೋಮವಾರದ ಪೂಜೆ ಎಲ್ಲವೂ ಏಳು ದಿನಕ್ಕೆ ಬರುತ್ತವೆ. ಎಂಟು ದಿನಕ್ಕೆ ಬರುವಂಥದ್ದು ಏನಿದೆ ಎಂದು ನನಗೆ ಹೊಳೆಯಲಿಲ್ಲ. ಸೊರಬ ಪೇಟೆಯಲ್ಲಿ ಬೆಳೆದವಳು, ಗದ್ದೆಯ ಬದುವಿನ ಮೇಲೆ ನೆಟ್ಟಗೆ ನಡೆಯಲೂ ಬಾರದವಳು. ನನಗೆ ಹೊಳೆದದ್ದು ಇಷ್ಟೇ: ಯಾರೋ ಬೇರೆ ಹುಡುಗ ಪಟ್ಟಿ ಕಟ್ಟಿಕೊಂಡು ಓಡುತ್ತಿದ್ದಾನೆ. ಮುಂದಿನ ಎಂಟನೆಯ ದಿನ ಯಾವುದೆಂದು ಗುರುತು ಹಾಕಿಕೊಂಡು, ಕಳ್ಳನನ್ನು ಹಿಡಿಯುವ ಪೊಲೀಸರ ಗತ್ತಿನಲ್ಲಿ, ಹೇಳದೆ ಕೇಳದೆ ಬೆಳಿಗ್ಗೆಯೇ ಆ ಮನೆಗೆ ಹೋಗಿ ಕೂತೆ.

ಕಳ್ಳ ಸಿಗಲಿಲ್ಲ. ಬೇರೇನೋ ಕಂಡಿತು. ಮನೋಜನನ್ನು ಅಪ್ಪ ಎತ್ತಿಕೊಂಡು ಬಚ್ಚಲಿಗೆ ಕರೆದೊಯ್ದರು. ತಟ್ಟೆ ಅವನಿದ್ದ ಕುರ್ಚಿಗೇ ಬಂತು. ಓಣಿಯ ತುದಿಯಲ್ಲೇ ಇರುವ ಶಾಲೆಗೆ ಬೈಕಿನಲ್ಲಿ ಹೋದ, ಬೈಕಿನಲ್ಲಿ ಬಂದ. ಚೆಂಡೊಂದು ಅಂಗಳಕ್ಕೆ ಉರುಳಿ ಬಂದಾಗ ಅವನು ಏಳಲು ಹೋದ, ಅಪ್ಪ ಕಣ್ಣಲ್ಲೇ ಕೂರಿಸಿದರು. ಯಾಕೆ ಹೀಗೆ ಎಂದು ಕೇಳಿದೆ. ರುದ್ರಪ್ಪ ನನಗೆ ಸಂತೋಷದ ಸುದ್ದಿ ಹೇಳುವವರ ಹಾಗೆ ಹತ್ತಿರ ಬಂದು ಕೂತರು.

"ಡ್ಯಾಮಲ್ಲಿ ನೀರು ಕಮ್ಮಿ ಐತೆ ಅಂತ ಗೊತ್ತಾದ ಮೇಲೆ ಕಂಡಂಗೆ ಬಿಡ್ತಾರೇನ್ರೀ? ಪಾಳಿ ಮಾಡ್ತೀವಿ, ಎಂಟು ದಿನಕ್ಕೊಂದು ಸಲ ಒಂದೊಂದು ಕಾಲುವಿಗೆ. ಇವನ ಕಾಲಿಗೂ ಹಂಗೇ ಮಾಡೀನಿ. ನೀವು ಅವತ್ತು ತೋರಿಸಿದ್ರಲ್ಲ, ದಿನಾ ಎಷ್ಟು ಖರ್ಚಾಗ್ತಿತ್ತು ನೋಡ್ರಿ. ಈಗ ಅರ್ಧ ಉಳಿಸೀನಿ. ಹೈಸ್ಕೂಲ್ ಮುಗಿಸೋಗಂಟ ಆದ್ರೂ ಬರಬೇಕಲ್ರೀ ಆ ಕಾಲು."

ಜೀವಮಾನವಿಡೀ ಇರುವಷ್ಟೇ ನೀರನ್ನು ಎಲ್ಲರಿಗೂ ಮುಟ್ಟಿಸುವ ಕೆಲಸ ಮಾಡಿದ ಮನುಷ್ಯನ ಕೈಗೆ ನಾನು ಒಂದು ಅಳತೆಪಟ್ಟಿ ಕೊಟ್ಟಿದ್ದೆ. ಅವರು ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಕಾಲು ಕೆರೆಯಲ್ಲ, ಕೂರಿಸಿದರೆ ಉಳಿಯುವುದಿಲ್ಲ, ಕೀಲು ಬಿಗಿದು ಹಿಮ್ಮಡಿ ಇನ್ನೂ ಮೇಲೇಳುತ್ತದೆ, ಇರುವ ಶಕ್ತಿಯೂ ಬೇಗ ಹೋಗುತ್ತದೆ ಎಂದು ಹೇಳಬೇಕಿತ್ತು. ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಅವರು ಗಡಿಯಾರ ನೋಡಿ, ನಮ್ಮ ಕಾಲುವೆಯ ಪಾಳಿ ಇವತ್ತೇ, ಗೇಟು ಎತ್ತಿ ಬರುತ್ತೇನೆಂದು ಬೈಕು ಹತ್ತಿ ಹೊರಟುಬಿಟ್ಟರು.

ಬೈಕಿನ ಸದ್ದು ಅಡಗುವುದನ್ನೇ ಕಾಯುತ್ತಿದ್ದವಳಂತೆ ಶೋಭಾ ಒಳಗಿಂದ ಬಂದು ಮಗನ ತಲೆ ಸವರಿದಳು. ಅವನು ಮಂಡಿಗೆ ಕೈಯಿಟ್ಟು, ತೊಡೆಗೆ ಕೈಯಿಟ್ಟು ಎದ್ದ. ಅವಳು ನನ್ನ ಕಡೆ ತಿರುಗಿದಳು.

"ಅವರಿಗೆ ಹೇಳಬ್ಯಾಡ್ರಿ ಅಕ್ಕಾ. ಎಂಟು ದಿನಕ್ಕೊಂದು ಸಲ. ಇದೊಂದನ್ನ ನನ್ನ ಕೈಲಿ ತಡೆಯಾಕಾಗಲ್ಲ."

ಮನೆಯ ಹಿಂದೆಯೇ ಕಾಲುವೆಯ ಏರಿ. ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ, ಮಟ್ಟಸವಾಗಿತ್ತು. ಮನೋಜ ಏರಿಯ ಮೇಲೆ ಹೋಗಿ ನಿಂತ. ಒಣ ಕಾಲುವೆಯ ತಳದಲ್ಲಿ ಬಿರುಕು ಬಿಟ್ಟ ಮಣ್ಣು. ಏನು ಕಾಯುತ್ತಿದ್ದೀಯ ಎಂದು ಕೇಳುವಷ್ಟರಲ್ಲಿ ದೂರದಿಂದ ಕಾಗದ ಸುಕ್ಕಾದಂಥ ಸದ್ದು ಬಂತು. ಆಮೇಲೆ ಆ ವಾಸನೆ. ತಿರುವಿನಿಂದ ನೀರಿನ ತಲೆ ಕಂಡಿತು. ಕೆಂಪಗೆ, ಅಂಗೈ ಎತ್ತರ, ಒಣ ಎಲೆ ನೊರೆ ಎಲ್ಲ ತಳ್ಳಿಕೊಂಡು, ಬಿರುಕು ಸಿಕ್ಕಲ್ಲಿ ಒಂದು ಗಳಿಗೆ ನಿಂತು, ತುಂಬಿಸಿ, ಮತ್ತೆ ಮುಂದೆ ಬರುತ್ತಿತ್ತು. ಅದರ ಮುಂದೆ ಇರುವೆಗಳು ಓಡುತ್ತಿದ್ದವು, ಹಿಂದೆ ಬೆಳ್ಳಕ್ಕಿಗಳು. ನೀರು ತನ್ನ ಸಮಕ್ಕೆ ಬಂದ ಕೂಡಲೇ ಮನೋಜ ನಡೆಯತೊಡಗಿದ.

ಆ ನಡಿಗೆಯನ್ನು ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ವಾಲಾಟ ಹಾಗೇ ಇತ್ತು, ತುದಿಗಾಲೂ ಹಾಗೇ ಇತ್ತು. ಕೈಗಳೆರಡನ್ನೂ ಹಿಂದಕ್ಕೆ ಚಾಚಿ, ಕಣ್ಣನ್ನು ಪಕ್ಕದ ನೀರಿನ ಮೇಲೆ ಇಟ್ಟು, ಒಂದೊಂದು ಹೆಜ್ಜೆಯನ್ನೂ ಮೈಯ ಯಾವುದೋ ಮೂಲೆಯಿಂದ ಹುಡುಕಿ ತಂದು ಇಡುತ್ತಿದ್ದ. ಎಂಟು ದಿನ ಅಪ್ಪ ಉಳಿಸಿಟ್ಟದ್ದನ್ನು ಅವನು ಅಷ್ಟು ದೂರದಲ್ಲಿ ಸುರಿಯುತ್ತಿದ್ದ. ಸ್ನಾಯುಗಳ ಹೆಸರೆಲ್ಲ ಬಾಯಿಪಾಠ ಬರುವ ನನಗೆ, ಈ ಹುಡುಗ ಯಾವ ಸ್ನಾಯುವಿನಿಂದ ನಡೆಯುತ್ತಿದ್ದಾನೆ ಎಂದು ಹೇಳಲು ಆಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಾನು ಅನುಮಾನ ಪಟ್ಟಿದ್ದ ಹೆಜ್ಜೆಗಳೆಲ್ಲ ಅವನವೇ.

ಮುಂದಿನ ಮೋರಿಗೆ ಅರ್ಧ ದಾರಿಯಲ್ಲಿ ಒಂದು ಹೊಂಗೆ ಮರ. ಅಲ್ಲಿಯವರೆಗೆ ಅವನೇ ಮುಂದಿದ್ದ. ಅಲ್ಲಿ ಉಸಿರು ಕಟ್ಟಿ ನಿಂತ. ನೀರು ಅವನನ್ನು ದಾಟಿ, ಆಚೆ ಮೋರಿಯ ಕಡೆಗೆ ಹೋಯಿತು. ಮೋರಿಯ ಹತ್ತಿರ ಕೆಂಚಮ್ಮಜ್ಜಿ ಎಂಬ ಮುದುಕಿ ತನ್ನ ಗದ್ದೆಯ ಬಾಯಿ ಬಿಡಿಸಲು ಸಲಿಕೆ ಹಿಡಿದು ಕಾಯುತ್ತಿದ್ದಳು. ನಾನು ಓಡಿ ಹೋಗಿ ಹುಡುಗನ ತೋಳು ಹಿಡಿದೆ.

"ಪ್ರತಿ ಸಲ ಇಲ್ಲೇ ಅದು ಗೆದ್ದುಬಿಡ್ತದೆ ಅಕ್ಕಾ," ಅಂದ. "ಒಂದ್ಸಲ ಮೋರಿಗಂಟ ನಾನೇ ಮುಂದೆ ಹೋಗಬೇಕು. ಕಾಲು ನಿಲ್ಲೋದರೊಳಗೆ."

ಕಾಲು ನಿಲ್ಲುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿರಲಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಸಂಜೆ ರುದ್ರಪ್ಪ ಬಂದ ಮೇಲೆ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ನಡೆಯಲಿ, ದಣಿದರೆ ಕೂರಲಿ, ದಣಿವಿನ ಮೇಲೆ ಒತ್ತಾಯ ಬೇಡ, ಆದರೆ ಕೂರಿಸಿಟ್ಟರೆ ಕಾಲು ಉಳಿಯುವುದಿಲ್ಲ ಎಂದು ಅವರು ಸಮಾಧಾನವಾಗಿ ಎರಡು ಸಲ ಹೇಳಿದರು. ಫೋನು ಇಟ್ಟ ಮೇಲೆ ರುದ್ರಪ್ಪ, ಹಂಗಾರೆ ನಾನೇ ಅಡ್ಡ ಕಟ್ಟೆ ಹಾಕಿದೆನಾ ಎಂದು ನೆಲ ನೋಡುತ್ತ ಕೇಳಿದರು. ತೋರಿಸಬಾರದ್ದನ್ನು ತೋರಿಸಿದವಳು ನಾನು, ತಪ್ಪು ನನ್ನದು ಎಂದೆ. ಅದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಆಗ ಶೋಭಾ, ಗಂಡನ ಮುಖ ನೋಡದೆಯೇ, ಎಂಟು ದಿನಕ್ಕೊಮ್ಮೆ ಏರಿಯ ಮೇಲೆ ನಡೆಯುವುದನ್ನೆಲ್ಲ ಹೇಳಿಬಿಟ್ಟಳು. ಬೈಗುಳ ಬೀಳುತ್ತದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ. ರುದ್ರಪ್ಪ ಮಗನನ್ನು ಒಂದು ಮಾತು ಕೇಳಿದರು.

"ಎಲ್ಲಿ ಸೋಲ್ತೀಯ?"

"ಹೊಂಗೆ ಮರದ ಹತ್ರ, ಅಪ್ಪಾಜಿ."

ಅಷ್ಟೇ. ಎದ್ದು ದನಗಳಿಗೆ ಹುಲ್ಲು ಹಾಕಲು ಹೋದರು.

ಮುಂದಿನ ಪಾಳಿಗೆ ನನ್ನ ಕೆಲಸವೇನೂ ಅಲ್ಲಿರಲಿಲ್ಲ. ಆದರೂ ಹೋದೆ. ಆ ಎಂಟು ದಿನ ಮನೋಜ ಶಾಲೆಗೆ ನಡೆದೇ ಹೋಗಿದ್ದನಂತೆ, ಪಕ್ಕದಲ್ಲಿ ಅಪ್ಪ ಬೈಕು ತಳ್ಳಿಕೊಂಡು. ನಾನು ಈ ಸಲ ಮೋರಿಯ ಹತ್ತಿರ ಕೆಂಚಮ್ಮಜ್ಜಿಯ ಜೊತೆ ನಿಂತೆ. ನಾಲ್ಕಾಯಿತು, ನಾಲ್ಕೂಕಾಲಾಯಿತು. ನೀರು ಇಷ್ಟು ಹೊತ್ತಿಗೆ ಬರಬೇಕಿತ್ತೆಂದು ಅಜ್ಜಿ ಗೊಣಗತೊಡಗಿದಳು. ನೀರಗಂಟಿಗೆ ನಿದ್ದೆ ಬಂದಿರಬೇಕೆಂದಳು. ಆಮೇಲೆ ಹೊಂಗೆ ಮರದ ಈಚೆಗೆ ಆ ವಾಲಾಟದ ನಡಿಗೆ ಕಂಡಿತು. ಒಬ್ಬನೇ. ಮರದ ಹತ್ತಿರ ಅವನು ನಿಂತಿದ್ದ, ಸುಧಾರಿಸಿಕೊಂಡಿದ್ದ, ಮತ್ತೆ ಹೊರಟಿದ್ದ. ಅವನ ಹಿಂದೆ, ಒಂದೇ ಒಂದು ಹೆಜ್ಜೆಯಷ್ಟು ಹಿಂದೆ, ತೆಳ್ಳಗೆ, ನಿಧಾನವಾಗಿ, ಮಗುವಿನ ಜೊತೆ ನಡೆಯುವ ದೊಡ್ಡವರ ಹಾಗೆ ನೀರು ಬರುತ್ತಿತ್ತು. ಮೋರಿಯ ಕಲ್ಲಿಗೆ ಕೈ ಮುಟ್ಟಿಸಿ ಅವನು ತಿರುಗಿ ನೋಡಿದ. ನೀರು ಆಗ ಬಂದು ಕಲ್ಲಿಗೆ ತಾಗಿತು. ಅವನು ಕೂಗಲಿಲ್ಲ, ಕುಣಿಯಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ನಾನೂ ಅಜ್ಜಿಯೂ ಅವನನ್ನು ನೋಡುತ್ತ ನಿಂತೆವು, ಅಜ್ಜಿಗೆ ಗದ್ದೆಯ ಬಾಯಿ ಬಿಡಿಸುವುದೂ ಮರೆತುಹೋಯಿತು.

ಸ್ವಲ್ಪ ಹೊತ್ತಿಗೆ ನೀರು ಇದ್ದಕ್ಕಿದ್ದಂತೆ ದಪ್ಪವಾಗಿ ಉಕ್ಕಿತು. ಅದರ ಹಿಂದೆಯೇ ರುದ್ರಪ್ಪನ ಬೈಕು. ಯಾಕಪ್ಪ ಇವತ್ತು ಇಷ್ಟು ತಡ ಎಂದು ಅಜ್ಜಿ ಜಾಡಿಸಿದಳು. ಗೇಟಿಗೆ ಕಸ ಸಿಕ್ಕೊಂಡಿತ್ತು ಎಂದು ಅವರು ಎತ್ತಲೋ ನೋಡುತ್ತ ಹೇಳಿದರು. ನಾನು ಹೆಲ್ಮೆಟ್ಟು ಹಾಕಿಕೊಳ್ಳುವಾಗ ಹತ್ತಿರ ಬಂದು, ಪ್ರತಿ ಪಾಳಿಗೂ ಹತ್ತು ಸುತ್ತು ತಿರುಗಿಸುವ ಗೇಟನ್ನು ಇವತ್ತು ಮೊದಲು ಮೂರೇ ಸುತ್ತು ತಿರುಗಿಸಿ, ಅವನು ಮುಟ್ಟಿರಬಹುದು ಅನ್ನಿಸಿದ ಮೇಲೆ ಉಳಿದದ್ದು ಬಿಟ್ಟೆ ಅಂದರು. ಅವನಿಗೆ ಹೇಳಬೇಡಿ ಎಂದು ಅವರೂ ಕೇಳಿಕೊಂಡರು. ಆ ಮನೆಯವರೆಲ್ಲ ಒಬ್ಬರಿಗೊಬ್ಬರು ಮುಚ್ಚಿಟ್ಟದ್ದನ್ನು ನನ್ನ ಕೈಗೇ ಕೊಡುತ್ತಿದ್ದರು.

ಆ ಬೇಸಿಗೆಯಿಡೀ ಎಂಟು ದಿನಕ್ಕೊಮ್ಮೆ ಆ ಗೇಟಿಗೆ ಕಸ ಸಿಕ್ಕಿಕೊಂಡಿತು. ರೈತರು ಮೊದಮೊದಲು ಗೊಣಗಿದರು. ಆಮೇಲೆ ಕೆಂಚಮ್ಮಜ್ಜಿ ಏನು ಹೇಳಿದಳೋ, ಸುಮ್ಮನಾದರು. ಮನೋಜನ ದಿನದ ಕಂಬಗಳು ಮತ್ತೆ ಏರಿದವು, ಮೊದಲಿನಷ್ಟಲ್ಲ. ಕಾಯಿಲೆ ತನ್ನ ಕೆಲಸ ಬಿಟ್ಟಿರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ನನ್ನ ಆರು ತಿಂಗಳು ಮುಗಿಯಿತು. ಕೊನೆಯ ವರದಿಯಲ್ಲಿ ಷರಾ ಎಂಬ ಖಾನೆಯಲ್ಲಿ, ತಂದೆಗೆ ನಕ್ಷೆ ತೋರಿಸಿದ ನನ್ನ ತಪ್ಪನ್ನು ಒಪ್ಪಿಕೊಂಡು, ಅದರ ಕೆಳಗೆ, ಪ್ರತಿ ಎಂಟನೆಯ ದಿನ ನೀರಿನ ಮುಂದೆ ನಡೆಯುತ್ತಾನೆ ಎಂದು ಬರೆದೆ. ಡಾಕ್ಟರು ಫೋನು ಮಾಡಿ ಹಾಗೆಂದರೇನು ಎಂದು ಕೇಳಿದರು. ಬಂದು ನೋಡಬೇಕು ಮೇಡಂ ಅಂದೆ.

ಅಂಬ್ಲಿಗೊಳದ ಕಾಲುವೆಯ ಪಕ್ಕ ನಿಂತು ಇದನ್ನೆಲ್ಲ ನೆನೆದ ಮೇಲೆ ಕೈ ತಾನಾಗಿ ಫೋನಿಗೆ ಹೋಯಿತು. ನಮ್ಮ ಪಾಳಿ ನಾಳೆ, ಬನ್ನಿ ಅಂದರು ರುದ್ರಪ್ಪ. ಮಾರನೆಯ ದಿನ ನೇರ ಗೇಟಿನ ಹತ್ತಿರವೇ ಹೋದೆ. ಅವರ ಕೂದಲು ಬೆಳ್ಳಗಾಗಿತ್ತು. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಮನೋಜನ ಕಾಲು ನಿಂತವಂತೆ. ಅಲ್ಲಿಯವರೆಗೆ ನಡೆದ, ಮೇಡಂ, ಅಲ್ಲಿಯವರೆಗೂ ನಡೆದ ಎಂದು ಎರಡು ಸಲ ಹೇಳಿದರು. ಈಗ ಬ್ಯಾಟರಿಯ ಗಾಲಿಕುರ್ಚಿ ಬಂದಿದೆ, ಅದನ್ನು ಓಡಿಸಲು ಏರಿಗೆ ಊರವರೇ ಗ್ರಾವೆಲ್ ಹಾಕಿ ಗಟ್ಟಿ ಮಾಡಿದ್ದಾರೆ ಅಂದರು.

ನಾಲ್ಕು ಗಂಟೆಗೆ ಗೇಟಿನ ಹಿಡಿ ತಿರುಗಿಸತೊಡಗಿದರು. ಒಂದು, ಎರಡು, ಮೂರು. ಕೈ ನಿಂತಿತು. ನಾಲ್ಕು ವರ್ಷದ ಅಭ್ಯಾಸ. ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಕೈಗೆ ಗ್ರೀಸು ಮೆತ್ತಿತ್ತು, ತೆಗೆದು ಸ್ಪೀಕರಿಗೆ ಹಾಕಲು ನನಗೆ ಹೇಳಿದರು. ಮನೋಜನ ಧ್ವನಿ ಒಡೆದು ದಪ್ಪವಾಗಿತ್ತು.

"ಅಪ್ಪಾಜಿ, ಮೂರಕ್ಕೇ ನಿಲ್ಲಿಸಬ್ಯಾಡ. ಇಷ್ಟು ದಿನ ನನಗೋಸ್ಕರ ನಿಲ್ಲಿಸಿದ್ದು ಸಾಕು. ಈಗ ಗಾಲಿ ಐತೆ. ಇವತ್ತು ಹತ್ತೂ ಬಿಡು."

ರುದ್ರಪ್ಪ ಹಿಡಿಯನ್ನು ಹಿಡಿದುಕೊಂಡೇ ನಿಂತರು. ಹುಡುಗನಿಗೆ ಯಾವಾಗಿನಿಂದ ಗೊತ್ತಿತ್ತೋ, ಬಹುಶಃ ಆ ಮೊದಲ ದಿನ ಮೋರಿಯ ಹತ್ತಿರ ತಿರುಗಿ ನೋಡಿದಾಗಲೇ ಗೊತ್ತಾಗಿತ್ತು. ನೀರಗಂಟಿಯ ಮಗ, ನೀರಿನ ಅಗಲ ನೋಡಿದರೆ ಸುತ್ತು ಎಷ್ಟು ಎಂದು ತಿಳಿಯದವನಲ್ಲ. ಗೊತ್ತಿದ್ದೂ ನಾಲ್ಕು ಬೇಸಿಗೆ ಅಪ್ಪನಿಗೆ ಹೇಳಿರಲಿಲ್ಲ. ರುದ್ರಪ್ಪ ಭುಜದಿಂದ ಕಣ್ಣೊರೆಸಿಕೊಂಡು ಉಳಿದ ಏಳು ಸುತ್ತನ್ನು ಒಂದೇ ಉಸಿರಿಗೆ ತಿರುಗಿಸಿದರು. ನೀರು ಧುಮುಕಿತು.

"ಬರ್ರಿ ಮೇಡಂ, ಲಗೂನ ಹತ್ರಿ," ಎಂದು ಬೈಕು ಒದ್ದರು. "ಯಾರು ಗೆಲ್ತಾರೋ ನೋಡಾಣ."

ಸುತ್ತು ರಸ್ತೆ ಹಿಡಿದು ನಾವು ಮೋರಿಗೆ ಬಂದಾಗ ಗಾಲಿಕುರ್ಚಿ ಕಲ್ಲಿಗೆ ತಾಗಿಕೊಂಡು ನಿಂತಿತ್ತು. ಹದಿಮೂರು ವರ್ಷದ ಮನೋಜ ಕೈಕಟ್ಟಿಕೊಂಡು, ಅಪ್ಪನ ಹಾಗೆಯೇ ಕಣ್ಣು ಕಿರಿದು ಮಾಡಿ, ಒಣ ಕಾಲುವೆಯ ಉದ್ದಕ್ಕೂ ನೋಡುತ್ತಿದ್ದ. ಕೆಂಚಮ್ಮಜ್ಜಿ ಸಲಿಕೆಗೆ ಒರಗಿಕೊಂಡು, ಇವನು ಬಂದು ಎಷ್ಟೋ ಹೊತ್ತಾಯಿತು, ನಿನ್ನ ನೀರು ಎಲ್ಲಿ ಹೋಯಿತಪ್ಪ ಎಂದು ರುದ್ರಪ್ಪನನ್ನು ಕೇಳಿದಳು. ಅವರು ಉತ್ತರ ಕೊಡುವುದರೊಳಗೆ ಗಾಳಿ ಈ ಕಡೆ ತಿರುಗಿ, ನಮ್ಮೆಲ್ಲರ ಮೂಗಿಗೂ ಆ ವಾಸನೆ ಬಂತು.